ಹಳೆ ಫೈಬರ್ ಬೋಟನ್ನು ಕಂಪನಿಗೆ ಕಳಿಸುವ ಮೊದಲು ತೂಕ ಹಾಕಿಸಿ

ಹದಿನೈದಿಪ್ಪತ್ತು ವರ್ಷ ಹಿನ್ನೀರಲ್ಲಿ ಓಡಿದ ಫೈಬರ್ ಬೋಟನ್ನು ಅದನ್ನು ಕಟ್ಟಿದ ಕಂಪನಿಗೇ ಕಳಿಸಿ ಮತ್ತೆ ಸರಿಮಾಡಿಸಬೇಕು ಅಂದಾಗ ಮಾತು ಶುರುವಾಗುವುದೇ ಬಣ್ಣದಿಂದ, ಸೀಟಿನಿಂದ, ಹೊಸ ಮೋಟಾರಿನಿಂದ. ಅದಕ್ಕೆಲ್ಲ ಮೊದಲು ಆಗಬೇಕಾದ ಕೆಲಸ ಒಂದಿದೆ. ಅಡಿಕೆ, ಭತ್ತದ ಲಾರಿ ತೂಗುವ ವೇ ಬ್ರಿಡ್ಜ್ ಸಾಗರದಲ್ಲೂ ಶಿವಮೊಗ್ಗದಲ್ಲೂ ಬೇಕಾದಷ್ಟಿವೆ. ಮೋಟಾರ್, ಬ್ಯಾಟರಿ, ಪೆಟ್ರೋಲ್, ಲೈಫ್ ಜಾಕೆಟ್, ಲಂಗರು ಎಲ್ಲ ಇಳಿಸಿ, ತಳದ ನೀರು ಬಸಿದು, ಟ್ರೈಲರ್ ಸಮೇತ ಒಮ್ಮೆ ತೂಗಿಸಿ. ಬೋಟ್ ಇಳಿಸಿ ಖಾಲಿ ಟ್ರೈಲರನ್ನು ಅದೇ ಕಾಟಾದಲ್ಲಿ ಇನ್ನೊಮ್ಮೆ ತೂಗಿಸಿ. ಎರಡರ ವ್ಯತ್ಯಾಸವೇ ಇವತ್ತಿನ ಬೋಟಿನ ತೂಕ. ಲಾರಿ ಕಾಟಾ 5 ಅಥವಾ 10 ಕೆಜಿ ಮೆಟ್ಟಿಲಲ್ಲಿ ತೋರಿಸುತ್ತದೆ, ನಮ್ಮ ಲೆಕ್ಕಕ್ಕೆ ಅಷ್ಟು ಸಾಕು.

ಕೊಂಡಾಗಿನ ಕಾಗದದಲ್ಲಿ ಖಾಲಿ ಬೋಟ್ 350 ಕೆಜಿ ಅಂತಿದ್ದು, ಈಗ 430 ಬಂದರೆ ಆ 80 ಕೆಜಿ ಬಹುಪಾಲು ನೀರು. ಫೈಬರ್ ಅಷ್ಟು ಕುಡಿಯುವುದಿಲ್ಲ. ಕುಡಿದಿರುವುದು ಒಳಗಿನ ಪ್ಲೈವುಡ್, ಉದ್ದ ದೂಲಗಳ ಮರ, ನೆಲದ ಅಡಿಯಲ್ಲಿ ತುಂಬಿದ ಫೋಮ್. ಬೋಟ್ ಮಗುಚಿದರೂ ತೇಲಲಿ ಅಂತ ತುಂಬಿದ ಫೋಮೇ ನೀರು ಹಿಡಿದುಕೊಂಡರೆ, ಬೇಕಾದ ಗಳಿಗೆಯಲ್ಲಿ ಅದು ಎತ್ತುವುದಿಲ್ಲ. ಮೇಲಿನಿಂದ ಎಷ್ಟು ಪಾಲಿಶ್ ಹೊಡೆದರೂ ಈ ತೂಕ ಇಳಿಯದು. ಅದಕ್ಕೇ ಕಂಪನಿಗೆ ಫೋನ್ ಮಾಡುವಾಗ ಕೈಯಲ್ಲಿ ಇರಬೇಕಾದ ಮೊದಲ ಕಾಗದ ಕಾಟಾ ಚೀಟಿ.

ಬೋಟ್ ಕಟ್ಟಿದವರೇ ಹಳೆಯದನ್ನು ವಾಪಸ್ ತೆಗೆದುಕೊಂಡು ನವೀಕರಿಸಿ ಕೊಡುವ ಪದ್ಧತಿ ಹೊರಗಡೆ ಹಳೆಯದು. ಅಮೆರಿಕದ ಮೇನ್ ರಾಜ್ಯದಲ್ಲಿ 1928ರಲ್ಲಿ ಶುರುವಾದ ಹಿಂಕ್ಲಿ ಕಂಪನಿ ತನ್ನ ಹಳೆ ಬೋಟುಗಳನ್ನು ತನ್ನದೇ ಯಾರ್ಡುಗಳಲ್ಲಿ ಬಿಚ್ಚಿ ಕಟ್ಟಿಕೊಡುತ್ತದೆ. ನಮ್ಮಲ್ಲಿ ಫೈಬರ್ ಬೋಟ್ ಕಟ್ಟುವ ಯಾರ್ಡುಗಳು ಹೆಚ್ಚಾಗಿ ಕರಾವಳಿಯವು. ಎಲ್ಲರೂ ಹಳೆ ಬೋಟ್ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳುವವರು ಸಿಕ್ಕರೆ, ಊರಿನ ಫ್ಯಾಬ್ರಿಕೇಟರ್ ಹತ್ತಿರ ಇಲ್ಲದ ಎರಡು ವಸ್ತು ಅವರಲ್ಲಿರುತ್ತವೆ: ಅಚ್ಚು, ಮತ್ತು ಯಾವ ಜಾಗದಲ್ಲಿ ಎಷ್ಟು ಪದರ ಮ್ಯಾಟ್ (ಗಾಜಿನ ಎಳೆಗಳ ಹಾಸು) ಹಾಕಿದ್ದಾರೆ ಎಂಬ ಲೇಅಪ್ ಹಾಳೆ. ಅಚ್ಚು ಇದ್ದರೆ ಒಡೆದ ಡೆಕ್ ತುಂಡನ್ನು ಅದರಲ್ಲೇ ಎರೆದು ಕೂರಿಸಬಹುದು, ಅಳತೆ ಕೂದಲೆಳೆ ತಪ್ಪದು. ಹಾಳೆ ಇದ್ದರೆ ಕತ್ತರಿಸಿದ ಜಾಗಕ್ಕೆ ಮೊದಲಿದ್ದಷ್ಟೇ ಬಲ ಕೊಡಬಹುದು. ಆದ್ದರಿಂದ ಬೋಟಿನ ಹಿಂಭಾಗದಲ್ಲಿ ಕೆತ್ತಿದ ಸೀರಿಯಲ್ ನಂಬರಿನ ಫೋಟೋ ಕಳಿಸಿ, ಈ ಎರಡೂ ಇವೆಯೇ ಅಂತ ನೇರವಾಗಿ ಕೇಳಿ. ಎರಡೂ ಇಲ್ಲ ಅಂದರೆ ಅಷ್ಟು ದೂರ ಘಾಟಿ ಇಳಿಸಿ ಒಯ್ಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಒಳ್ಳೆ ಕೈಯ ಫ್ಯಾಬ್ರಿಕೇಟರ್ ಹತ್ತಿರದಲ್ಲಿದ್ದರೆ ಅವರೇ ಸಾಕು.

ಆದರೆ ಕರಾವಳಿಯವರ ಕಣ್ಣಮುಂದೆ ಇರುವುದು ಸಮುದ್ರ. ಉಪ್ಪುನೀರು, ಅಲೆ, ಮರಳು ದಂಡೆ. ಶರಾವತಿ ಹಿನ್ನೀರು, ಭದ್ರಾ ಹಿನ್ನೀರು, ಗಾಜನೂರಿನ ತುಂಗೆ ಬೇರೆಯೇ ನೀರು. ಇಲ್ಲಿನ ಶತ್ರು ಉಪ್ಪಲ್ಲ. ಇಲ್ಲಿರುವುದು ಮುಳುಗಿದ ಕಾಡಿನ ಬೊಡ್ಡೆ, ನಾಲ್ಕು ತಿಂಗಳ ಮಳೆ, ತೇವ. ಇದನ್ನು ನಾವು ಬರೆದು ಕೊಡದಿದ್ದರೆ ಅವರಿಗೆ ಹೊಳೆಯುವುದಿಲ್ಲ.

ಕಳಿಸುವ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಮೋಟಾರ್ ಕೂರುವ ಹಿಂದಿನ ಗೋಡೆ, ಅಂದರೆ ಟ್ರಾನ್ಸಮ್, ಎಲ್ಲಕ್ಕಿಂತ ಮೊದಲು ಕೆಡುವ ಜಾಗ. ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಅಂಗೈಯಗಲಕ್ಕೊಂದರಂತೆ ತಟ್ಟುತ್ತಾ ಬನ್ನಿ. ಗಟ್ಟಿ ಇದ್ದಲ್ಲಿ ಟಕ್ ಅನ್ನುತ್ತದೆ, ಕೊಳೆತಲ್ಲಿ ದಬ್ ಅನ್ನುತ್ತದೆ. ಮೋಟಾರ್ ಇಳಿಸುವ ಮುಂಚೆ ಅದರ ಕಾಲನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಒತ್ತಿ, ಇನ್ನೊಬ್ಬರು ಟ್ರಾನ್ಸಮ್ ಮೇಲಂಚು ನೋಡಲಿ. ಅಂಚು ಬಾಗಿದರೆ ಒಳಗಿನ ಮರ ಹೋಗಿದೆ. ಅನುಮಾನ ಉಳಿದರೆ ಒಳಬದಿಯಿಂದ, ಕೆಳಮೂಲೆಯಲ್ಲಿ, 5 ಮಿಮೀ ಬಿಟ್‌ನಲ್ಲಿ ಒಂದು ತೂತು. ಹೊರಚರ್ಮ ದಾಟದ ಹಾಗೆ ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಒಣ ಮರಪುಡಿ ಬಂದರೆ ಮರ ಚೆನ್ನಾಗಿದೆ. ಕಂದು ನೀರು, ಹುಳಿ ವಾಸನೆಯ ಮೆತ್ತನೆ ಹೊಟ್ಟು ಬಂದರೆ ಟ್ರಾನ್ಸಮ್ ಬದಲಾಗಲೇಬೇಕು. ಇದಕ್ಕೆ ಕಾರಣ ಹೆಚ್ಚಿನ ಸಲ ಒಂದೇ ಒಂದು ಸ್ಕ್ರೂ ತೂತು. ತಳದ ನೀರು ಬಿಡುವ ಬಿರಡೆಯ ಸುತ್ತಿನ ರಿಂಗ್, ಏಣಿ, ನಾಮಫಲಕ, ಯಾವುದನ್ನೋ ಕೂರಿಸುವಾಗ ಸೀಲೆಂಟ್ ಹಾಕದೆ ಬಿಗಿದ ತೂತು ವರ್ಷಗಟ್ಟಲೆ ಪ್ಲೈಗೆ ನೀರು ಕುಡಿಸಿರುತ್ತದೆ.

ಟ್ರಾನ್ಸಮ್ ಕೆಲಸದಲ್ಲಿ ಏನು ಆಗಬೇಕು ಅನ್ನುವುದು ಆರ್ಡರಿನಲ್ಲಿ ಸ್ಪಷ್ಟ ಇರಲಿ. ಒಳಚರ್ಮ ಕತ್ತರಿಸಿ ಕೊಳೆತ ಮರವನ್ನು ಪೂರ್ತಿ ತೆಗೆಯಬೇಕು. ಅರ್ಧ ತೆಗೆದು ಉಳಿದುದಕ್ಕೆ ರೆಸಿನ್ (ಫೈಬರ್ ಕಟ್ಟುವ ಅಂಟುದ್ರವ) ಸುರಿದರೆ ಐದು ವರ್ಷದಲ್ಲಿ ಮತ್ತೆ ಅದೇ ಕತೆ. ಹೊಸ ಮರ ಐಎಸ್ 710 ಗುರುತಿನ ಮೆರೈನ್ ಪ್ಲೈ ಆಗಿರಲಿ. ಅಂಗಡಿಯಲ್ಲಿ ವಾಟರ್‌ಪ್ರೂಫ್ ಅಂತ ಕೊಡುವ ಐಎಸ್ 303 ಪ್ಲೈ ಅಡುಗೆಮನೆ ಕಪಾಟಿಗೆ ಸರಿ, ಇಲ್ಲಿಗಲ್ಲ. 18 ಮಿಮೀ ಎರಡು ಹಾಳೆ ಅಂಟಿಸಿ, ಅಂಚಿಗೆಲ್ಲ ರೆಸಿನ್ ಕುಡಿಸಿ ಕೂರಿಸುತ್ತಾರೆ. ಮೇಲೆ ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ನಾಲ್ಕು ಪದರ ಅಂದುಕೊಳ್ಳಿ. ಟ್ರಾನ್ಸಮ್ ವಿಸ್ತಾರ ಹೆಚ್ಚುಕಡಿಮೆ 1 ಚದರ ಮೀಟರ್ ಆದರೆ ಮ್ಯಾಟ್ 1.8 ಕೆಜಿ, ರೆಸಿನ್ ಅದರ ಎರಡೂವರೆ ಪಟ್ಟು, ಅಂದರೆ 4.5 ಕೆಜಿ. ಹಾರ್ಡ್‌ನರ್ (ರೆಸಿನ್ ಗಟ್ಟಿಮಾಡುವ ದ್ರವ) ನೂರಕ್ಕೆ ಒಂದೂವರೆಯಂತೆ 68 ಗ್ರಾಂ. ರೆಸಿನ್ ಇದಕ್ಕಿಂತ ತುಂಬ ಜಾಸ್ತಿ ಹೋದರೆ ಪದರ ಭಾರವಾಗಿ ಬಿರುಸಾಗಿ ಬಿರಿಯುತ್ತದೆ, ಕಡಿಮೆಯಾದರೆ ಬಿಳಿ ಒಣ ಎಳೆ ಉಳಿಯುತ್ತದೆ. ನಾಲ್ಕಕ್ಕಿಂತ ಹೆಚ್ಚು ಪದರವನ್ನು ಒಂದೇ ಏಟಿಗೆ ಹಾಕಬಾರದು, ಗಟ್ಟಿಯಾಗುವಾಗ ಹುಟ್ಟುವ ಬಿಸಿಗೆ ಹೊಗೆಯೇಳುತ್ತದೆ, ಗೋಡೆ ಸೊಟ್ಟಗಾಗುತ್ತದೆ. ಕತ್ತರಿಸಿದ ಅಂಚನ್ನು ಹಳೆ ಚರ್ಮಕ್ಕೆ ಸೇರಿಸುವಲ್ಲಿ ಇಳಿಜಾರು 1ಕ್ಕೆ 12 ಬೇಕು. ಚರ್ಮ 6 ಮಿಮೀ ದಪ್ಪ ಇದ್ದರೆ 72 ಮಿಮೀ ಅಗಲಕ್ಕೆ ಉಜ್ಜಿ ತೆಳುಮಾಡಿ ಸೇರಿಸಬೇಕು. ಬೆರಳಗಲ ಉಜ್ಜಿ ಪಟ್ಟಿ ಹೊಡೆಯುವವರು ಕಂಡರೆ ಅಲ್ಲೇ ನಿಲ್ಲಿಸಿ.

ಸಣ್ಣಪುಟ್ಟ ತೇಪೆಯನ್ನು ಮನೆಯಲ್ಲೇ ಹಾಕುವವರಿಗೆ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರ ಮಾಡಬೇಡಿ. ನಮ್ಮ ಅಂಗಡಿಗಳಲ್ಲಿ ಸಾದಾ ರೆಸಿನ್ ಜೊತೆ ಎರಡು ಬಾಟಲಿ ಕೊಡುತ್ತಾರೆ, ನೇರಳೆ ಬಣ್ಣದ ಕೋಬಾಲ್ಟ್ ಆಕ್ಸಲರೇಟರ್ ಮತ್ತು ನೀರಿನಂತಿರುವ ಹಾರ್ಡ್‌ನರ್. ಈ ಎರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತುತ್ತದೆ, ಸಿಡಿಯುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಬೇರೆ ಕಡ್ಡಿಯಲ್ಲಿ ಹಾರ್ಡ್‌ನರ್. ಹಾರ್ಡ್‌ನರ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು, ಕಣ್ಣು ಪೂರ್ತಿ ಮುಚ್ಚುವ ರಕ್ಷಣಾ ಕನ್ನಡಕ ಇಲ್ಲದೆ ಮುಚ್ಚಳ ತೆಗೆಯಬಾರದು.

ಹಳೆ ತೇಪೆಗಳ ಪಟ್ಟಿಯನ್ನೂ ಕಂಪನಿಗೆ ಕೊಡಿ. ಎಂ-ಸೀಲ್, ಅರಾಲ್ಡೈಟ್ ಹಾಕಿ ಮುಚ್ಚಿದ ಜಾಗ ಎಲ್ಲ ಬೋಟಿನಲ್ಲೂ ಇರುತ್ತದೆ. ಅವು ಎಪಾಕ್ಸಿ, ಬೋಟ್ ಕಟ್ಟುವ ಪಾಲಿಯೆಸ್ಟರ್ ರೆಸಿನ್‌ಗಿಂತ ಬೇರೆ ಜಾತಿಯ ಅಂಟು. ಎಪಾಕ್ಸಿ ಮೇಲೆ ಅವರ ಪಾಲಿಯೆಸ್ಟರ್ ರೆಸಿನ್, ಬೋಟಿನ ಹೊರಮೈಯ ಹೊಳಪು ಪದರವಾದ ಜೆಲ್‌ಕೋಟ್ ಸರಿಯಾಗಿ ಹಿಡಿಯುವುದಿಲ್ಲ, ಒಂದೆರಡು ಬೇಸಿಗೆಯಲ್ಲಿ ಸಿಪ್ಪೆ ಏಳುತ್ತದೆ. ಅದೇ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಹಾಕಿದರೆ ಚೆನ್ನಾಗಿಯೇ ಕೂರುತ್ತದೆ. ಜಾಗ ಗುರುತು ಮಾಡಿಕೊಟ್ಟರೆ ಅವರು ಅದನ್ನು ಉಜ್ಜಿ ತೆಗೆದೇ ಮುಂದುವರಿಯುತ್ತಾರೆ.

ತಳದ ಗುಳ್ಳೆಗಳ ವಿಷಯ. ವರ್ಷವಿಡೀ ನೀರಲ್ಲೇ ಕಟ್ಟಿಟ್ಟ ಬೋಟಿನ ತಳದಲ್ಲಿ ನಾಣ್ಯದಗಲ ಗುಳ್ಳೆ ಏಳುತ್ತವೆ, ಚುಚ್ಚಿದರೆ ವಿನೆಗರ್ ವಾಸನೆಯ ಜಿಗುಟು ನೀರು. ಜೆಲ್‌ಕೋಟ್ ಮೂಲಕ ಜಿನುಗಿದ ನೀರು ಒಳಗೆ ಕರಗುವ ಪದಾರ್ಥ ಸಿಕ್ಕಲ್ಲಿ ಮತ್ತಷ್ಟು ನೀರನ್ನು ಎಳೆದುಕೊಳ್ಳುವುದರಿಂದ ಹೀಗಾಗುತ್ತದೆ. ಸಿಹಿನೀರಲ್ಲಿ ಈ ಎಳೆತ ಸಮುದ್ರಕ್ಕಿಂತ ಜಾಸ್ತಿ. ಹತ್ತಿಪ್ಪತ್ತು ಗುಳ್ಳೆ ಇದ್ದರೆ ಇಡೀ ತಳ ಕೆರೆಸಬೇಡಿ, ದುಡ್ಡು ದಂಡ. ಒಂದೊಂದನ್ನೇ ತೆರೆದು, ಸಿಹಿನೀರಲ್ಲಿ ಹಲವು ಸಲ ತೊಳೆದು, ಪೂರ್ತಿ ಒಣಗಿಸಿ ಎಪಾಕ್ಸಿ ತುಂಬಿದರೆ ಸಾಕು. ತಳವೆಲ್ಲ ಗುಳ್ಳೆ ಎದ್ದಿದ್ದರೆ ಮಾತ್ರ ಜೆಲ್‌ಕೋಟ್ ಸುಲಿದು, ವಾರಗಟ್ಟಲೆ ಒಣಗಿಸಿ, 300 ಮೈಕ್ರಾನ್ ದಪ್ಪಕ್ಕೆ ಎಪಾಕ್ಸಿ ಲೇಪ. ಒಣಗಿದೆಯೋ ಇಲ್ಲವೋ ಅನ್ನುವುದಕ್ಕೆ ಕೈ ಮುಟ್ಟಿ ಹೇಳುವ ಮಾತು ಸಾಲದು. ತೇವದ ಮೀಟರ್ ನೀರ್ಗೆರೆಯ ಮೇಲಿನ ಒಣ ಭಾಗದಲ್ಲಿ ಎಷ್ಟು ತೋರಿಸುತ್ತದೋ ತಳದಲ್ಲೂ ಅದರ ಹತ್ತಿರ ಬರಬೇಕು.

ಇಲ್ಲಿ ಕಾಲದ ಪ್ರಶ್ನೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಬೋಟಿಂಗ್ ನಿಂತಿರುತ್ತದೆ, ಆಗಲೇ ಕಳಿಸೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಆದರೆ ಆ ನಾಲ್ಕು ತಿಂಗಳು ಕರಾವಳಿಯಲ್ಲೂ ಅಷ್ಟೇ ಮಳೆ. ತೇವ ತುಂಬಿದ ಗಾಳಿಯಲ್ಲಿ ಮರವೂ ಒಣಗದು, ರೆಸಿನ್ ಕೂಡ ಅಂಟಂಟಾಗಿ ಉಳಿಯುತ್ತದೆ. ಮಳೆಗಾಲದಲ್ಲೇ ಆಗಬೇಕೆಂದರೆ ಮುಚ್ಚಿದ ಶೆಡ್, ತೇವ ಎಳೆಯುವ ಯಂತ್ರ ಇದೆಯೇ ಕೇಳಿ, ದಿನದ ತೇವಾಂಶ ಬರೆದಿಡುವುದನ್ನು ಒಪ್ಪಂದದಲ್ಲಿ ಸೇರಿಸಿ. ನೂರಕ್ಕೆ 80 ದಾಟಿದ ದಿನ ಪದರ ಹಾಕುವ ಕೆಲಸ (ಲ್ಯಾಮಿನೇಶನ್) ಬೇಡ. ಸ್ವಂತಕ್ಕೆ ಬೋಟ್ ಇಟ್ಟವರು ಜನವರಿಯಲ್ಲೇ ಕಳಿಸುವುದು ಒಳ್ಳೆಯದು. ರೆಸಾರ್ಟ್, ಹೋಂಸ್ಟೇಯವರಿಗೆ ಏಪ್ರಿಲ್-ಮೇ ರಜೆಯೇ ದುಡಿಮೆ. ಅವರು ಕೆಲಸವನ್ನು ಎರಡು ಮಾಡಲಿ: ಸಂಕ್ರಾಂತಿ ಮುಗಿದ ಮೇಲೆ ಫೈಬರ್ ಮತ್ತು ಮರದ ಕೆಲಸ, ಮಳೆಗಾಲದಲ್ಲಿ ಮೋಟಾರ್, ವೈರಿಂಗ್, ಸೀಟು.

ಘಾಟಿ ಇಳಿಸುವಾಗ ಮೋಟಾರ್ ಬೋಟಿನ ಮೇಲೆ ಇರಬಾರದು. ಮೊದಲೇ ಮೆತ್ತಗಾದ ಟ್ರಾನ್ಸಮ್‌ಗೆ ತಿರುವು ತಿರುವಿನಲ್ಲೂ ನೂರು ಕೆಜಿ ಜೋಲಿ ಹೊಡೆದರೆ ಬಿರುಕು ಖಚಿತ. ಲಾರಿಯಲ್ಲಾದರೆ ತಳವನ್ನು ಎರಡೇ ಕಟ್ಟಿಗೆಯ ಮೇಲೆ ನಿಲ್ಲಿಸದೆ, ಉದ್ದಕ್ಕೂ ಹಳೆ ಟಯರ್ ಜೋಡಿಸಿ ಕೂರಿಸಿ, ಅಗಲ ಬೆಲ್ಟಿನಲ್ಲಿ ಕಟ್ಟಿ.

ಇನ್ನು ನಮ್ಮ ನೀರಿಗೆ ಬೇಕಾದ ಬದಲಾವಣೆ. ಲಿಂಗನಮಕ್ಕಿ ತುಂಬಿದಾಗ ಮಟ್ಟ 1819 ಅಡಿ. ಬೇಸಿಗೆಯ ಕೊನೆಗೆ ನೀರು ಇಳಿದು, ಸಿಗಂದೂರು ಕಡೆಗೆ ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚ್‌ಗೆ ವಾಹನ ಹತ್ತಿಸುವುದೇ ನಿಂತ ವರ್ಷಗಳಿವೆ. ನೀರು ಇಳಿದಷ್ಟೂ ಬೊಡ್ಡೆಗಳು ಮೇಲ್ಮೈಗೆ ಹತ್ತಿರ ಬರುತ್ತವೆ, ಕಾಣುವವು ಅಪಾಯವಲ್ಲ, ಒಂದಡಿ ಕೆಳಗೆ ನಿಂತವು ಅಪಾಯ. ಆದ್ದರಿಂದ ತಳದಲ್ಲಿ ಮೂತಿಯಿಂದ ಹಿಂದಕ್ಕೆ 4 ಮೀಟರ್ ಉದ್ದ, 15 ಸೆಂಮೀ ಅಗಲದ ಪಟ್ಟಿಗೆ 600 ಗ್ರಾಂ ನೇಯ್ದ ರೋವಿಂಗ್ (ಗಾಜಿನ ಎಳೆಯ ಬಟ್ಟೆ) ಮತ್ತು 450 ಗ್ರಾಂ ಮ್ಯಾಟ್ ಎರಡೆರಡು ಪದರ ಹೆಚ್ಚುವರಿಯಾಗಿ ಹಾಕಿಸಿ. ಇದರಿಂದ ಏರುವ ತೂಕ ಬರೀ ಮೂರೂವರೆ ಕೆಜಿ ಆಸುಪಾಸು. ಅಷ್ಟಕ್ಕೆ ಇಷ್ಟು ರಕ್ಷಣೆ ಕೊಡುವ ಬೇರೆ ಕೆಲಸ ಇಡೀ ಪಟ್ಟಿಯಲ್ಲಿಲ್ಲ. ಬೋಟನ್ನು ತಳ್ಳುವ ಫ್ಯಾನ್ (ಪ್ರೊಪೆಲ್ಲರ್) ಅಲ್ಯೂಮಿನಿಯಂನದೇ ಇರಲಿ. ಸ್ಟೀಲ್ ಫ್ಯಾನ್ ನೋಡಲು ಚೆಂದ, ಆದರೆ ಬೊಡ್ಡೆಗೆ ಬಡಿದಾಗ ಅದು ಬಾಗುವುದಿಲ್ಲ, ಹೊಡೆತ ನೇರ ಗೇರಿಗೆ ಹೋಗುತ್ತದೆ. ಬಿಡಿ ಫ್ಯಾನ್ ಒಂದು, ನಟ್, ಸ್ಪ್ಲಿಟ್ ಪಿನ್, ಸ್ಪ್ಯಾನರ್ ಬೋಟಿನಲ್ಲೇ ಇರಬೇಕು.

ಮೋಟಾರಿನ ಕಾಲಿಗೆ ಬಿಗಿಯುವ ತ್ಯಾಗದ ಲೋಹ, ಆನೋಡ್, ಕರಾವಳಿಯವರು ಅಭ್ಯಾಸಬಲದಿಂದ ಸತುವಿನದು ಹಾಕುತ್ತಾರೆ. ಸಿಹಿನೀರಲ್ಲಿ ಸತುವಿನ ಮೇಲೆ ಪೊರೆ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ, ಸವೆಯದೆ ಹೊಸದರಂತೆ ಕಾಣುತ್ತದೆ, ನೋಡಿದವರು ಎಲ್ಲ ಸರಿಯಿದೆ ಅಂದುಕೊಳ್ಳುತ್ತಾರೆ. ಹಿನ್ನೀರಿಗೆ ಮೆಗ್ನೀಶಿಯಂ ಆನೋಡ್ ಅಂತ ಬರೆದೇ ಕೊಡಿ. ಅದರ ಮೇಲೆ ಪೇಂಟ್ ಬಳಿಯಬಾರದು.

ಹಳೆ ಟೂ-ಸ್ಟ್ರೋಕ್ ತೆಗೆದು ಫೋರ್-ಸ್ಟ್ರೋಕ್ ಹಾಕಿಸುವುದು ಒಳ್ಳೆಯ ನಿರ್ಧಾರ. ಎಣ್ಣೆ ಬೆರೆಸುವುದು ತಪ್ಪುತ್ತದೆ, ನೀರ ಮೇಲೆ ಎಣ್ಣೆ ಪೊರೆ ಕಾಣುವುದಿಲ್ಲ, ಹಕ್ಕಿ ನೋಡಲು ಬಂದವರಿಗೆ ಸದ್ದೂ ಕಡಿಮೆ. ಆದರೆ ಮತ್ತೆ ತೂಕ: 40 ಎಚ್‌ಪಿ ವರ್ಗದಲ್ಲಿ ಫೋರ್-ಸ್ಟ್ರೋಕ್ ಸುಮಾರು 25 ಕೆಜಿ ಹೆಚ್ಚು ಭಾರ, ಅಷ್ಟೂ ಹಿಂತುದಿಯಲ್ಲಿ ಕೂರುತ್ತದೆ. ಬ್ಯಾಟರಿಯನ್ನು ಹಿಂದಿನಿಂದ ಮುಂದಕ್ಕೆ ಸರಿಸಿ ಸರಿದೂಗಿಸಬೇಕು. ಕಂಪನಿಯವರು ಸಮುದ್ರಮಟ್ಟದಲ್ಲಿ ಓಡಿಸಿ ನೋಡಿ ಫ್ಯಾನ್ ಆಯ್ಕೆ ಮಾಡುತ್ತಾರೆ. ಸಾವಿರ ಅಡಿ ಏರಿದರೆ ಎಂಜಿನ್ ನೂರಕ್ಕೆ ಸುಮಾರು 3 ಶಕ್ತಿ ಕಳೆದುಕೊಳ್ಳುತ್ತದೆ. ಇಲ್ಲಿ, 1819 ಅಡಿಯಲ್ಲಿ, ನೂರಕ್ಕೆ ಐದೂವರೆ ಹೋಯಿತು. ಸಿಹಿನೀರು ಹಗುರ, ಬೋಟ್ ಒಂಚೂರು ಹೆಚ್ಚು ಮುಳುಗಿಯೇ ಓಡುತ್ತದೆ. ಹೀಗಾಗಿ ಅಲ್ಲಿ ಸರಿಯಾಗಿದ್ದ ಫ್ಯಾನ್ ಇಲ್ಲಿ ಭಾರವಾಗುತ್ತದೆ. ಪೂರ್ತಿ ಜನ ತುಂಬಿ, ಪೂರ್ತಿ ಥ್ರಾಟಲ್ ಕೊಟ್ಟು ಆರ್‌ಪಿಎಂ ನೋಡಿ. ಪುಸ್ತಕದಲ್ಲಿ 5000ದಿಂದ 6000 ಅಂತಿದ್ದು ನಿಮ್ಮದು 4700ಕ್ಕೆ ನಿಂತರೆ ಪಿಚ್ (ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಎರಡು ಇಂಚು ಕಡಿಮೆಯ ಫ್ಯಾನ್ ಬೇಕು. ಒಂದಿಂಚಿಗೆ 150ರಿಂದ 200 ಆರ್‌ಪಿಎಂ ಏರುತ್ತದೆ. ಹಾಗೇ ಓಡಿಸಿದರೆ ಎಂಜಿನ್ ಏದುತ್ತಾ ಬಿಸಿಯಾಗಿ, ಪೆಟ್ರೋಲ್ ಕುಡಿದು ಬೇಗ ಸವೆಯುತ್ತದೆ.

ಪೆಟ್ರೋಲ್ ಈಗ ಇ20. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹೆಚ್ಚಾದಾಗ ನೀರು ಸಮೇತ ಟ್ಯಾಂಕಿನ ತಳಕ್ಕೆ ಬೇರೆಯಾಗಿ ನಿಲ್ಲುತ್ತದೆ. ಮಳೆಗಾಲವಿಡೀ ಅರ್ಧ ಟ್ಯಾಂಕ್ ಬಿಟ್ಟರೆ ಇದು ಆಗಬಹುದು. ಹಳೆ ರಬ್ಬರ್ ಪೈಪ್, ಕೈಪಂಪಿನ ಉಂಡೆ ಎಲ್ಲ ಎಥನಾಲ್ ತಡೆಯುವಂಥದ್ದಕ್ಕೆ ಬದಲಾಗಲಿ, ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಸೇರಲಿ. ಬೋಟಿನ ಮೈಯಲ್ಲೇ ಎರೆದ ಫೈಬರ್ ಟ್ಯಾಂಕ್ ಇದ್ದರೆ ಅದನ್ನು ಬಳಕೆಯಿಂದ ತೆಗೆಯಲೇಬೇಕು, ಹಳೆ ಪಾಲಿಯೆಸ್ಟರನ್ನು ಎಥನಾಲ್ ಮೆತ್ತಗೆ ಮಾಡಿ ಆ ಅಂಟು ಎಂಜಿನ್ನಿಗೆ ಹೋಗುತ್ತದೆ.

ವೈರಿಂಗ್ ಪೂರ್ತಿ ಹೊಸದು, ತವರ ಲೇಪಿಸಿದ ತಾಮ್ರ. ತಳದ ನೀರೆತ್ತುವ ಪಂಪ್ 5 ಆಂಪ್ ಎಳೆಯುತ್ತದೆ, ಹೋಗಿ ಬರುವ ವೈರ್ 10 ಮೀಟರ್ ಅಂದರೆ 2.5 ಚದರ ಮಿಮೀ ವೈರಿನಲ್ಲಿ ನಷ್ಟ 0.34 ವೋಲ್ಟ್, 12ಕ್ಕೆ ನೂರಕ್ಕೆ 3ರ ಒಳಗೆ. 1.5 ಹಾಕಿದರೆ ಸುಮಾರು 5 ಆಗುತ್ತದೆ, ಪಂಪ್ ಸೊರಗುತ್ತದೆ. ನೀರು ಏರಿದಾಗ ಪಂಪನ್ನು ತಾನೇ ಹಾಕುವ ಫ್ಲೋಟ್ ಸ್ವಿಚ್‌ಗೆ ಕರೆಂಟು ಮೇನ್ ಸ್ವಿಚ್ಚಿನ ಮೂಲಕ ಬರದೆ ಬ್ಯಾಟರಿಯಿಂದಲೇ, ಹತ್ತಿರದ ಫ್ಯೂಸ್ ದಾಟಿ ಬರಲಿ. ರಾತ್ರಿ ಸುರಿದ ಮಳೆಗೆ ಬೋಟ್ ಮುಳುಗುವುದು ಮೇನ್ ಆಫ್ ಮಾಡಿ ಮನೆಗೆ ಹೋದ ದಿನವೇ. ವೈರನ್ನು ಗಟ್ಟಿ ಕೊಳವೆಯಲ್ಲಿ ಎಳೆಸಿ, ಕೊಟ್ಟಿಗೆಯಲ್ಲಿಟ್ಟ ಬೋಟಿಗೆ ಇಲಿ ನುಗ್ಗದೆ ಬಿಡುವುದಿಲ್ಲ.

ಬ್ಯಾಟರಿ ಮೋಟಾರ್ ಹಾಕಿಸಲೇ ಎಂದು ಕೇಳುವವರು ಹೆಚ್ಚುತ್ತಿದ್ದಾರೆ. 5 ಮೀಟರ್ ನೀರ್ಗೆರೆಯ ಬೋಟ್ ಗಂಟೆಗೆ 10 ಕಿಮೀ ಒಳಗೆ ನಿಧಾನ ಹೋಗುವುದಾದರೆ ಖಂಡಿತ ಆಗುತ್ತದೆ, ಅದಕ್ಕಿಂತ ವೇಗ ಬೇಕೆಂದರೆ ಶಕ್ತಿ ವಿಪರೀತ ಬೇಕು, ಬೇಡ. 3 ಕಿಲೋವಾಟ್ ಎಳೆತ, ದಿನಕ್ಕೆ 3 ಗಂಟೆ, ಅಂದರೆ 9 ಯೂನಿಟ್. ಐದರಲ್ಲೊಂದು ಪಾಲು ಉಳಿಸಿಕೊಂಡರೆ 11 ಯೂನಿಟ್ಟಿಗೂ ಮೇಲಿನ ಬ್ಯಾಟರಿ, ನೂರು ಕೆಜಿ ಆಸುಪಾಸು. ಚಾವಣಿಗೆ 800 ವಾಟ್ ಪ್ಯಾನಲ್ ಹೊದಿಸಿದರೆ ಒಳ್ಳೆ ಬಿಸಿಲಿಗೆ ದಿನಕ್ಕೆ 3 ಯೂನಿಟ್ಟಿನಷ್ಟು ಬರುತ್ತದೆ, ಉಳಿದುದು ಕರೆಂಟಿನಿಂದಲೇ. ಕೇರಳದ ವೈಕಂನಲ್ಲಿ 2017ರಿಂದ ಓಡುತ್ತಿರುವ 75 ಜನರ ಸೌರದೋಣಿ ಆದಿತ್ಯಕ್ಕೆ 20 ಕಿಲೋವಾಟ್ ಪ್ಯಾನಲ್ ಇದೆ, ಅದು ಮೊದಲಿನಿಂದಲೇ ಸೌರಶಕ್ತಿಗೆಂದು ಕಟ್ಟಿದ ಹಗುರ ಒಡಲು. ನೀರು ಕುಡಿದ ಹಳೆ ಒಡಲಿಗೆ ಅದೇ ಲೆಕ್ಕ ಹಾಕಬಾರದು. ಚಾವಣಿ ಎತ್ತರಿಸಿದಷ್ಟೂ ಹಿನ್ನೀರಿನ ಗಾಳಿಗೆ ಬೋಟ್ ವಾಲುತ್ತದೆ ಅನ್ನುವುದೂ ನೆನಪಿರಲಿ.

ಬೆಲೆ ಮಾತಾಡುವಾಗ ಒಟ್ಟು ಮೊತ್ತಕ್ಕೆ ಒಪ್ಪಬೇಡಿ. ಕಣ್ಣಿಗೆ ಕಾಣುವ ಕೆಲಸಕ್ಕೆ ನಿಗದಿತ ಬೆಲೆ, ಒಳಗಿನದಕ್ಕೆ ಚದರ ಮೀಟರ್ ಲೆಕ್ಕ, ಬಿಚ್ಚಿದ ಮೇಲೆ ಫೋಟೋ ಕಳಿಸಿ ನಿಮ್ಮ ಒಪ್ಪಿಗೆ ಬಂದ ನಂತರವೇ ಮುಂದಿನ ಹೆಜ್ಜೆ. ಹೊರಗೆ ತೆಗೆದ ಮರ, ಫೋಮ್ ತೂಗಿ ಬರೆಯಲಿ. ಒಟ್ಟು ಖರ್ಚು ಅದೇ ಅಳತೆಯ ಹೊಸ ಒಡಲಿನ ಅರ್ಧ ಬೆಲೆ ದಾಟುತ್ತಿದ್ದರೆ ಹೊಸದೇ ಕೊಳ್ಳಿ ಅನ್ನುವುದು ನನ್ನ ಅಳತೆ. 1917ರ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆಯಡಿ ಯಂತ್ರಚಾಲಿತ ಬೋಟಿಗೆ ಸರ್ವೇ, ನೋಂದಣಿ ಇದೆ. ಮೋಟಾರ್ ಬದಲಾದರೆ ನೋಂದಣಿ ಕಾಗದದ ವಿವರವೂ ಬದಲಾಗಬೇಕು. ಹೊಸ ಮೋಟಾರಿನ ತೂಕ, ಶಕ್ತಿ, ಒಪ್ಪಿತ ಜನಸಂಖ್ಯೆ ಬರೆದ ಫಲಕವನ್ನು ಕಂಪನಿಯಿಂದಲೇ ಪಡೆಯಿರಿ. ಇದನ್ನು ಊರಿನ ಫ್ಯಾಬ್ರಿಕೇಟರ್ ಕೊಡಲಾರರು.

ಬೋಟ್ ವಾಪಸ್ ಬಂದ ದಿನ ಮತ್ತೆ ಅದೇ ಕಾಟಾಕ್ಕೆ. 350ರ ಬೋಟ್ 375ರೊಳಗೆ ಬಂದಿದ್ದರೆ ಕೆಲಸ ಆಗಿದೆ. 420 ಬಂದರೆ ಒಳಗಿನದು ಹಾಗೇ ಇದೆ, ಹಣದ ಕೊನೆ ಕಂತು ಹಿಡಿದಿಟ್ಟುಕೊಳ್ಳಿ. ಆಮೇಲೆ ದಡದ ಹತ್ತಿರ, ಸೊಂಟದ ಮಟ್ಟದ ನೀರಲ್ಲಿ, ತಲೆಗೆ 75 ಕೆಜಿಯಂತೆ ಮರಳಿನ ಚೀಲ ಹೇರಿ ನೀರಿನಿಂದ ಅಂಚಿಗೆ ಎಷ್ಟು ಎತ್ತರ ಉಳಿಯಿತು ನಾಲ್ಕು ಮೂಲೆಯಲ್ಲಿ ಅಳೆಯಿರಿ. ಅರ್ಧ ಚೀಲಗಳನ್ನು ಒಂದೇ ಬದಿಗೆ ಸರಿಸಿ ಮತ್ತೆ ಅಳೆಯಿರಿ, ಫೋಟೋ ತೆಗೆಯಲು ಜನ ಒಂದೇ ಕಡೆ ನುಗ್ಗುವುದು ದಿನಾ ಆಗುವಂಥದ್ದು. ಅರ್ಧ ಗಂಟೆ ಬಿಟ್ಟು ಬಿರಡೆ, ಟ್ರಾನ್ಸಮ್ ಬೋಲ್ಟ್, ಪೈಪಿನ ಬಾಯಿಗಳನ್ನು ಒಣ ಬಟ್ಟೆಯಲ್ಲಿ ಒರೆಸಿ ನೋಡಿ. ಮೊದಲ 10 ಗಂಟೆ ಓಡಿದ ಮೇಲೆ ಮೋಟಾರಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಹೊರಡುವ ಪ್ರತಿ ಬೆಳಿಗ್ಗೆ ಮೋಟಾರಿನ ತಂಪು ನೀರು ಹೊರಬರುವ ಸಣ್ಣ ತೂತಿಗೆ ಒಂದು ತಂತಿ ಆಡಿಸಿ, ವಾರ ನಿಂತ ಬೋಟಿನಲ್ಲಿ ಕಡಜ ಅಲ್ಲಿಗೇ ಮಣ್ಣು ಮೆತ್ತಿ ಗೂಡು ಕಟ್ಟಿರುತ್ತದೆ.